ಆರ್‌ಸಿಯಲ್ಲಿದ್ದ ಹೆಸರು

ನಮ್ಮ ಭಾವನಿಗೆ ಗುದ್ದಿದ ಕ್ಯಾಂಟರ್‌ಗೆ ಇಬ್ಬರು ಮಾಲೀಕರು. ದುಡ್ಡು ಕೊಟ್ಟು ಕೊಂಡು ಬಾಡಿಗೆಗೆ ಓಡಿಸುತ್ತಿದ್ದವನು ಒಬ್ಬ, ಆರ್‌ಸಿಯಲ್ಲಿ ಹೆಸರಿದ್ದ ಯಜಮಾನರು ಇನ್ನೊಬ್ಬರು. ಭಾವ ಹೋದ ಮೇಲೆ ಇಬ್ಬರೂ ಗಾಡಿ ತಮ್ಮದಲ್ಲ ಅಂದರು. ಅದಕ್ಕೆ ಇನ್ಶೂರೆನ್ಸೂ ಇರಲಿಲ್ಲ. ನಮ್ಮಕ್ಕ, ಅವಳ ಇಬ್ಬರು ಮಕ್ಕಳು, ಭಾವನ ತಾಯಿ, ಈ ನಾಲ್ವರಿಗೆ ಪರಿಹಾರ ಕೊಡಬೇಕಾದವರು ಯಾರು ಎಂದು ತೀರ್ಮಾನವಾಗಲು ವರ್ಷಗಳೇ ಹಿಡಿದವು. ತೀರ್ಮಾನವಾದ ದುಡ್ಡು ಕೈಗೆ ಬರಲು ಇನ್ನಷ್ಟು ಕಾಲ. ಅಷ್ಟೂ ದಿನ ಕಾಗದದ ಚೀಲ ಹಿಡಿದು ಅಕ್ಕನ ಜೊತೆ ಓಡಾಡಿದವನು ನಾನು. ಇನ್ಶೂರೆನ್ಸ್ ಇಲ್ಲದ ಗಾಡಿಯಿಂದ ಮನೆಯವರನ್ನು ಕಳೆದುಕೊಂಡರೆ ಮುಂದೇನು ಎಂದು ಬಿಡಿಸಿ ಹೇಳುವವರು ಶುರುವಿನಲ್ಲಿ ನಮಗೆ ಸಿಗಲಿಲ್ಲ. ಬೇರೆಯವರಿಗಾದರೂ ಸಿಗಲಿ ಎಂದು ಬರೆಯುತ್ತಿದ್ದೇನೆ.

ಭಾವ ಕಾಯಿ ಸುಲಿಯುವವರು. ನಮ್ಮ ತಿಪಟೂರು ಸೀಮೆಯಲ್ಲಿ ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿಯನ್ನು ತಿಂಗಳುಗಟ್ಟಲೆ ಒಣಗಲು ಬಿಟ್ಟು, ಆಮೇಲೆ ಇಳಿಸಿ ಸುಲಿಸುತ್ತಾರೆ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಚುಚ್ಚಿ ಮಟ್ಟೆ ಬಿಡಿಸುವ ಕೆಲಸ. ಕೂಲಿ ಸಾವಿರ ಕಾಯಿಗೆ ಇಷ್ಟು ಎಂದು. ಬೆಳಕು ಹರಿಯುವ ಮೊದಲೇ ಬೈಕ್ ಹತ್ತಿ ಹೊರಟರೆ ಮಧ್ಯಾಹ್ನದ ಹೊತ್ತಿಗೆ ಒಂದು ತೋಟದ ಕೆಲಸ ಮುಗಿಸಿ ಇನ್ನೊಂದಕ್ಕೆ ಹೋಗುವ ಗಟ್ಟಿ ಆಳು. 2019ರ ಮೇ ತಿಂಗಳ ಒಂದು ಬೆಳಿಗ್ಗೆ, ಟ್ರ್ಯಾಕ್ಟರೊಂದನ್ನು ಹಿಂದೆ ಹಾಕಲು ಬಲಕ್ಕೆ ನುಗ್ಗಿದ ಕ್ಯಾಂಟರ್ ಎದುರಿಗೆ ಬರುತ್ತಿದ್ದ ಭಾವನಿಗೆ ಗುದ್ದಿತು. ಜಿಲ್ಲಾಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಅವರಿಗೆ ಮೂವತ್ತೆಂಟು ವರ್ಷ.

ಪೋಸ್ಟ್‌ಮಾರ್ಟಂಗೆ ಕಾಯುತ್ತಿದ್ದಾಗಲೇ ಇಬ್ಬರು ಬಂದು ನನ್ನ ಕೈಗೆ ಕಾರ್ಡ್ ಕೊಟ್ಟರು. "ನಮ್ ಲಾಯರ್ ಎಲ್ಲಾ ನೋಡ್ಕೋತಾರೆ, ಖರ್ಚು ಒಂದ್ ಪೈಸಾ ಬೇಡ, ಬಂದದ್ರಲ್ಲಿ ಇಷ್ಟು ಅಂತ ಕೊಟ್ರೆ ಸಾಕು, ಇಲ್ಲಿ ಒಂದ್ ಸೈನ್ ಹಾಕ್ಸಿ" ಅಂದರು. ಹೆಣ ಇನ್ನೂ ಒಳಗಿತ್ತು. ನಾನು ಕಾಗದ ಮುಟ್ಟಲಿಲ್ಲ. ಹನ್ನೊಂದನೇ ದಿನದ ಕಾರ್ಯ ಮುಗಿದ ಸಂಜೆ, ಗಾಡಿ ಕೊಂಡು ಬಾಡಿಗೆಗೆ ಓಡಿಸುತ್ತಿದ್ದವನ ಕಡೆಯವರು ಊರಿನ ಇಬ್ಬರು ಹಿರಿಯರನ್ನು ಮುಂದಿಟ್ಟುಕೊಂಡು ಬಂದರು. ಎರಡು ಲಕ್ಷ ಕೊಡುತ್ತಾರಂತೆ, ಅಕ್ಕ ಸ್ಟ್ಯಾಂಪ್ ಪೇಪರಿಗೆ ಸಹಿ ಹಾಕಬೇಕಂತೆ, ಮುಂದೆ ಯಾವ ತಕರಾರೂ ಇಲ್ಲ ಎಂದು. ಮನೆಯಲ್ಲಿ ಆ ಹೊತ್ತಿಗೆ ತಿಥಿಯ ಸಾಲ ಬಿಟ್ಟರೆ ಬೇರೇನೂ ಇರಲಿಲ್ಲ. ಅಕ್ಕ ನನ್ನ ಮುಖ ನೋಡಿದಳು. "ನಾಲ್ಕು ದಿನ ಬಿಟ್ಟು ಹೇಳ್ತೀವಿ" ಎಂದು ಕಳಿಸಿದೆ. ಇಂಥ ಗಳಿಗೆಯಲ್ಲಿ ಎರಡು ಲಕ್ಷ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ನನಗೆ ಗೊತ್ತು. ಆ ಮನೆಗೆ ಕಾನೂನಿನ ಪ್ರಕಾರ ಸೇರಬೇಕಾದದ್ದು ಅದರ ಹತ್ತು ಪಟ್ಟಿಗಿಂತ ಹೆಚ್ಚು ಎಂದು ನಮಗೆ ತಿಳಿದದ್ದು ಆಮೇಲೆ.

ನನ್ನ ಜೊತೆ ಕೆಲಸ ಮಾಡುವ ಮೇಷ್ಟ್ರೊಬ್ಬರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಅಂದರು. ಕೋರ್ಟಿನ ಆವರಣದಲ್ಲೇ ಇರುವ ಒಂದು ಕೋಣೆ ಅದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ವರಮಾನ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡುತ್ತಾರೆ. ನಮಗೆ ಸಿಕ್ಕಿದ್ದು ಒಬ್ಬ ವಕೀಲೆ. ಅವರನ್ನು ಮೇಡಂ ಎಂದೇ ಕರೆಯುತ್ತೇನೆ. ಪುಕ್ಕಟೆ ವಕೀಲರು ಮನಸ್ಸಿಟ್ಟು ಕೆಲಸ ಮಾಡುವುದಿಲ್ಲ ಅನ್ನುವ ಮಾತನ್ನು ಯಾರಾದರೂ ನನ್ನೆದುರು ಆಡಿದರೆ ನಾನು ಒಪ್ಪುವುದಿಲ್ಲ.

ಮೇಡಂ ಮೊದಲು ಕೇಳಿದ್ದು ಎಫ್‌ಐಆರ್ ಅಲ್ಲ, ಗಾಡಿ ನಂಬರ್. "ಆರ್‌ಟಿಒದಿಂದ ಬಿ-ಎಕ್ಸ್‌ಟ್ರಾಕ್ಟ್ ತನ್ನಿ" ಅಂದರು. ಗಾಡಿಯ ರಿಜಿಸ್ಟರಿನ ನಕಲು ಅದು. ಯಾರ ಹೆಸರಲ್ಲಿದೆ, ಯಾವ ವಿಳಾಸ, ಸಾಲ ಇದೆಯೇ, ಎಲ್ಲ ಅದರಲ್ಲಿ ಇರುತ್ತದೆ. ಬಂದ ಕಾಗದದಲ್ಲಿ ನಮ್ಮ ಮನೆಗೆ ಎರಡು ಲಕ್ಷದ ರಾಜಿ ತಂದವನ ಹೆಸರೇ ಇರಲಿಲ್ಲ. ಪಕ್ಕದ ತಾಲ್ಲೂಕಿನ ಹಳ್ಳಿಯೊಂದರ ಯಜಮಾನರ ಹೆಸರಿತ್ತು. ಪೊಲೀಸರು ವಶಪಡಿಸಿಕೊಂಡ ಪಾಲಿಸಿಯ ಜೆರಾಕ್ಸ್ ನೋಡಿದರೆ ಅದರ ಅವಧಿ 2019ರ ಜನವರಿಯಲ್ಲೇ ಮುಗಿದಿತ್ತು.

"ಡ್ರೈವರ್ ತಪ್ಪಿಗೆ ಮಾಲೀಕ ಹೊಣೆ. ಮಾಲೀಕನ ಹೊಣೆಯನ್ನ ಇನ್ಶೂರೆನ್ಸ್ ಕಂಪನಿ ಹೊರುತ್ತೆ. ನಿಮ್ಮ ಕೇಸಲ್ಲಿ ಆ ಕೊನೇ ಹೆಗಲೇ ಇಲ್ಲ. ಅದಕ್ಕೇ ಮಾಲೀಕ ಯಾರು ಅನ್ನೋದನ್ನ ಗಟ್ಟಿ ಮಾಡ್ಕೋಬೇಕು" ಎಂದು ಮೇಡಂ ಹೇಳಿದ ಮೇಲೆ ನಾನೂ ಅಕ್ಕನ ಮೈದುನನೂ ಆ ಯಜಮಾನರನ್ನು ಹುಡುಕಿಕೊಂಡು ಹೋದೆವು. ಅರವತ್ತು ದಾಟಿದವರು. ಜಗಳವಾಗಬಹುದು ಎಂದುಕೊಂಡಿದ್ದೆವು, ಅವರು ನಮ್ಮನ್ನು ಕೂರಿಸಿ ನೀರು ಕೊಟ್ಟರು. "ನಾನು ಗಾಡಿ ಮಾರಿ ಎರಡ್ ವರ್ಷ ಆಯ್ತಪ್ಪ. ಕಣ್ಣು ಸರಿಗಿಲ್ಲ ಅಂತ ಕೊಟ್ಬಿಟ್ಟೆ. ಆ ಫಾರಂ ಈ ಫಾರಂ ಅಂತ ಎಲ್ಲಾದಕ್ಕೂ ಸೈನ್ ಹಾಕ್ ಕೊಟ್ಟಿದೀನಿ. ಅವನು ಇನ್ನೂ ಹೆಸರು ಬದಲಾಯ್ಸಿಲ್ಲ ಅಂದ್ರೆ ನಾನೇನ್ ಮಾಡ್ಲಿ?" ಅಂದರು. ನೋಟರಿ ಮಾಡಿಸಿದ ಕ್ರಯದ ಕರಾರನ್ನೂ ತೋರಿಸಿದರು. ಅವರು ಹೇಳಿದ್ದು ನಿಜವೇ. ನಾನು ಅವತ್ತೂ ನಂಬಿದೆ, ಇವತ್ತೂ ನಂಬುತ್ತೇನೆ.

ಆದರೆ ಆ ನಿಜ ಅವರನ್ನು ಉಳಿಸುವುದಿಲ್ಲ ಎಂದು ಮೇಡಂ ಬಿಡಿಸಿ ಹೇಳಿದರು. ಮೋಟಾರು ವಾಹನ ಕಾಯ್ದೆ, 1988ರ 2(30)ನೇ ಕಲಂ ಪ್ರಕಾರ ಮಾಲೀಕ ಅಂದರೆ ಯಾರ ಹೆಸರಲ್ಲಿ ಗಾಡಿ ನೋಂದಣಿಯಾಗಿದೆಯೋ ಅವರು. ಅಪ್ರಾಪ್ತ ವಯಸ್ಕರ ಹೆಸರಲ್ಲಿದ್ದರೆ ಪೋಷಕರು. ಕಂತಿನ ಸಾಲದ ಕರಾರಿನ ಮೇಲೆ ತಂದ ಗಾಡಿಯಾದರೆ ಗಾಡಿಯನ್ನು ವಶದಲ್ಲಿಟ್ಟುಕೊಂಡವರು, ಸಾಲ ಕೊಟ್ಟ ಬ್ಯಾಂಕಲ್ಲ. ಮಾರಾಟವಾದರೆ 50ನೇ ಕಲಂ ಪ್ರಕಾರ ಮಾರಿದವರು ರಾಜ್ಯದೊಳಗಾದರೆ ಹದಿನಾಲ್ಕು ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು, ಕೊಂಡವರು ಮೂವತ್ತು ದಿನದಲ್ಲಿ ಹೆಸರು ಬದಲಾವಣೆಗೆ ಹಾಕಬೇಕು. ಫಾರಂ 29, ಫಾರಂ 30 ಎನ್ನುವುದು ಇದಕ್ಕೇ. ಸಹಿ ಹಾಕಿದ ಫಾರಂ ಕೊಂಡವನ ಬೀರುವಿನಲ್ಲಿ ಮಲಗಿದ್ದರೆ ಕಾನೂನಿನ ಕಣ್ಣಿಗೆ ಮಾಲೀಕ ಬದಲಾಗಿಲ್ಲ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ನವೀನ್ ಕುಮಾರ್ ಪ್ರಕರಣದಲ್ಲಿ ಇದನ್ನು ಖಚಿತವಾಗಿ ಹೇಳಿದೆ. ಆ ಕಾರು ಒಬ್ಬರಿಂದೊಬ್ಬರಿಗೆ ಕೈ ಬದಲಾಗುತ್ತಲೇ ಹೋಗಿತ್ತು, ಆರ್‌ಸಿ ಮಾತ್ರ ಮೊದಲಿನವರ ಹೆಸರಲ್ಲೇ ಇತ್ತು. ಹೈಕೋರ್ಟು ಕೊನೆಗೆ ಕೊಂಡವರ ಮೇಲೆ ಹಾಕಿದ್ದ ಹೊಣೆಯನ್ನು ಸುಪ್ರೀಂ ಕೋರ್ಟು ತೆಗೆದು, ಆರ್‌ಸಿ ಮಾಲೀಕರ ಮೇಲೇ ಇಟ್ಟಿತು. ಗಾಡಿ ಯಾರಿಂದ ಯಾರಿಗೆ ಹೋಯಿತು ಎಂದು ಹುಡುಕುವ ಭಾರವನ್ನು ನೊಂದವರ ಮೇಲೆ ಹೊರಿಸಬಾರದು ಎಂಬುದು ಅದರ ಸಾರ.

ಇದನ್ನು ಕೇಳಿದಾಗ ನನಗೆ ಸಮಾಧಾನವೂ ಆಯಿತು, ಸಂಕಟವೂ ಆಯಿತು. ಅಕ್ಕನ ಪಾಲಿಗೆ ಇದು ಸರಿ. ಗಂಡನನ್ನು ಕಳೆದುಕೊಂಡ ಹೆಂಗಸು ಕರಾರು ಪತ್ರಗಳ ಬೆನ್ನು ಹತ್ತಿ ಊರೂರು ಅಲೆಯಬೇಕು ಅನ್ನುವುದು ಅನ್ಯಾಯ. ಹಾಗೆಂದು ನೀರು ಕೊಟ್ಟ ಆ ಯಜಮಾನರ ಮುಖ ಮರೆಯುವಂಥದ್ದಲ್ಲ. ಗಾಡಿಗೆ ಇನ್ಶೂರೆನ್ಸ್ ಚಾಲ್ತಿಯಲ್ಲಿದ್ದು, ಅದು ಹಳೆಯ ಹೆಸರಲ್ಲೇ ಇದ್ದಿದ್ದರೂ ಅವರು ಉಳಿಯುತ್ತಿದ್ದರು. ಗಾಡಿ ಮಾರಿದರೆ ಪಾಲಿಸಿಯೂ ಕೊಂಡವರಿಗೆ ವರ್ಗವಾದಂತೆ ಎಂದು 157ನೇ ಕಲಂ ಹೇಳುತ್ತದೆ. ಡ್ರೈವರಿಗೆ ಡಿಎಲ್ ಇಲ್ಲದಂಥ ಸಂದರ್ಭದಲ್ಲೂ ಎಷ್ಟೋ ಸಲ ಕೋರ್ಟುಗಳು ಮೊದಲು ಕಂಪನಿಯಿಂದ ಕೊಡಿಸಿ, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲು ಬಿಡುತ್ತವೆ. ಪಾಲಿಸಿಯೇ ಇಲ್ಲದಿದ್ದರೆ ಇಷ್ಟೂ ಮುಗಿಯಿತು. ಮಾಲೀಕರ ಮನೆ, ಜಮೀನು, ಬ್ಯಾಂಕಿನ ಖಾತೆ ಅಷ್ಟೇ ಉಳಿಯುವುದು.

ನಾಡಕಚೇರಿಯಿಂದ ವಂಶವೃಕ್ಷ, ಮರಣ ಪತ್ರ, ಎಲ್ಲರ ಆಧಾರ್, ಠಾಣೆಯಿಂದ ಎಫ್‌ಐಆರ್, ಸ್ಥಳ ಮಹಜರು, ನಕ್ಷೆ, ಶವ ಪಂಚನಾಮೆ, ಪೋಸ್ಟ್‌ಮಾರ್ಟಂ ವರದಿ, ಮೋಟಾರು ವಾಹನ ನಿರೀಕ್ಷಕರ ವರದಿ, ಕೊನೆಗೆ ಚಾರ್ಜ್‌ಶೀಟ್. ಇವೆಲ್ಲ ಕೈಸೇರಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಿದ್ದು 2019ರ ಅಕ್ಟೋಬರ್‌ನಲ್ಲಿ. ನಮ್ಮ ತಾಲ್ಲೂಕಿನಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರೇ ನ್ಯಾಯಮಂಡಳಿ. ಆಗ ಅರ್ಜಿಗೆ ಕಾಲಮಿತಿ ಇರಲಿಲ್ಲ. 2022ರ ಏಪ್ರಿಲ್ 1ರಿಂದ ಆಚೆಗೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂಬ ನಿಯಮ ಬಂದಿದೆ. ಆ ಮಿತಿಯನ್ನು ಪ್ರಶ್ನಿಸಿದವರು ಸುಪ್ರೀಂ ಕೋರ್ಟಿಗೆ ಹೋಗಿದ್ದಾರೆ. ಅಲ್ಲಿ ಏನೇ ಆಗಲಿ, ಕಾಗದ ಪೂರ್ತಿ ಸಿಗಲಿ ಎಂದು ಕಾಯುತ್ತ ಕೂರಬೇಡಿ. ಸಿಕ್ಕಷ್ಟನ್ನು ಇಟ್ಟು ಅರ್ಜಿ ಹಾಕಿ, ಉಳಿದದ್ದನ್ನು ಆಮೇಲೆ ಸೇರಿಸಲು ಬರುತ್ತದೆ.

ಎದುರುದಾರರು ಮೂವರು: ಒಂದನೆಯವನು ಡ್ರೈವರ್, ಎರಡನೆಯವರು ಆರ್‌ಸಿ ಯಜಮಾನರು, ಮೂರನೆಯವನು ಕೊಂಡವನು. ಜೊತೆಯಲ್ಲೇ ಮಧ್ಯಂತರ ಪರಿಹಾರಕ್ಕೂ ಕೇಳಿದೆವು. ಆಗ ಜಾರಿಯಲ್ಲಿದ್ದ 140ನೇ ಕಲಂ ಪ್ರಕಾರ ತಪ್ಪು ಯಾರದೆಂದು ನೋಡದೆ ಸಾವಿಗೆ 50,000 ರೂಪಾಯಿ ಕೊಡಬೇಕಿತ್ತು. ಯಜಮಾನರು ತಡವಾಗಿಯಾದರೂ ಕಟ್ಟಿದರು, ತಿಥಿಯ ಸಾಲ ತೀರಿತು. ಈಗ ಆ ಕಲಂ ಹೋಗಿ 164ನೇ ಕಲಂ ಬಂದಿದೆ. ಅದರಲ್ಲಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. ಒಂದು ಎಚ್ಚರ ಮಾತ್ರ ಬೇಕು. ವಿಮಾ ಕಂಪನಿಯವರು ಕಾಯ್ದೆಯ 149ನೇ ಕಲಂ ಪ್ರಕಾರ ಮಾತುಕತೆಗೆ ಬಂದು ಕೊಡುವ ಆ ಐದು ಲಕ್ಷವನ್ನು ಒಪ್ಪಿಕೊಂಡರೆ ನ್ಯಾಯಮಂಡಳಿಯ ಮುಂದಿನ ದೊಡ್ಡ ಅರ್ಜಿ ಅಲ್ಲಿಗೇ ನಿಂತುಹೋಗುತ್ತದೆ. ಸಹಿ ಹಾಕುವ ಮೊದಲು ವಕೀಲರನ್ನು ಕೇಳಿ.

ಇಷ್ಟರೊಳಗೆ ನಡೆದ ಒಂದು ಸಂಗತಿ ಇಡೀ ಕೇಸಿನ ದಿಕ್ಕನ್ನೇ ಹಿಡಿದಿಟ್ಟಿತು. ಕ್ಯಾಂಟರ್ ಠಾಣೆಯ ಮುಂದೆ ಮಳೆಗೆ ನೆನೆಯುತ್ತ ನಿಂತಿತ್ತು. ಕೊಂಡವನಿಗೆ ಅದು ಬೇಕಾಗಿತ್ತು, ಬಾಡಿಗೆ ತಪ್ಪಿಹೋಗುತ್ತಿತ್ತು. ಆದರೆ ಬಿಡಿಸಿಕೊಳ್ಳಲು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬೇಕಾದವರು ಆರ್‌ಸಿಯಲ್ಲಿ ಹೆಸರಿದ್ದವರು. ಅವನು ಯಜಮಾನರನ್ನು ಕರೆತಂದು ಸಹಿ ಹಾಕಿಸಿದ. ಆ ಪ್ರಮಾಣಪತ್ರದಲ್ಲಿ, "ನಾನು ಸದರಿ ವಾಹನದ ನೋಂದಾಯಿತ ಮಾಲೀಕನಾಗಿರುತ್ತೇನೆ, ವಾಹನದ ಆದಾಯವೇ ನನ್ನ ಜೀವನಾಧಾರವಾಗಿರುತ್ತದೆ" ಎಂದಿತ್ತು. ಮಾರಿ ಎರಡು ವರ್ಷವಾದ ಗಾಡಿಯ ಬಗ್ಗೆ ಆ ಮನುಷ್ಯರು ಓದದೆ ಹಾಕಿದ ಸಹಿ ಅದು. ಮೇಡಂ ಅದರ ದೃಢೀಕೃತ ನಕಲು ತೆಗೆದಿಟ್ಟರು. ಗಾಡಿ ಬಿಡುವುದಕ್ಕೂ ತಕರಾರು ಸಲ್ಲಿಸಲು ನೆರವಾದರು. ಇನ್ಶೂರೆನ್ಸ್ ಇಲ್ಲದ ಗಾಡಿ ಸಾವಿಗೆ ಕಾರಣವಾಗಿದ್ದರೆ, ಮಾಲೀಕರು ಪರಿಹಾರಕ್ಕೆ ಸಾಕಾಗುವಷ್ಟು ಭದ್ರತೆ ಕೊಡದೆ ಅದನ್ನು ಬಿಡಬಾರದು, ಕೊಡದಿದ್ದರೆ ಹರಾಜು ಹಾಕಿ ದುಡ್ಡನ್ನು ನ್ಯಾಯಮಂಡಳಿಗೆ ಕಟ್ಟಬೇಕು. ಇಂಥ ನಿಯಮವನ್ನು ಎಲ್ಲ ರಾಜ್ಯಗಳೂ ಮಾಡಬೇಕೆಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತ್ತು. ಭದ್ರತೆ ಕೊಡುವವರು ಮುಂದೆ ಬರಲಿಲ್ಲ. ಗಾಡಿ ಹರಾಜಾಯಿತು. ಬಂದದ್ದು ದೊಡ್ಡ ಮೊತ್ತವಲ್ಲ, ಆದರೆ ಅದು ಅಕ್ಕನ ಹೆಸರಿನ ಕೇಸಿಗೆ ಕಟ್ಟಿದ ದುಡ್ಡಾಗಿ ಉಳಿಯಿತು. ಗಾಡಿ ಬಿಟ್ಟಿದ್ದರೆ ಗುಜರಿ ಸೇರುವ ಮೊದಲು ಇನ್ನೂ ಎಷ್ಟು ಕೈ ಬದಲಾಗುತ್ತಿತ್ತೋ.

2020ರಲ್ಲಿ ಕೊರೊನಾ ಬಂದು ಕೋರ್ಟು ಮುಚ್ಚಿತು. ಆ ಕಾಲದ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಅಕ್ಕ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದ್ದಳು, ಅದೂ ನಿಂತಿತು, ರೇಷನ್ ಅಕ್ಕಿಯಲ್ಲಿ ಮನೆ ನಡೆಯಿತು.

ಸಾಕ್ಷಿ ಹೇಳುವ ದಿನ ಅಕ್ಕ ಭಾವನ ಫೋಟೊ ಇಟ್ಟುಕೊಂಡು ಬಂದಿದ್ದಳು. ಅದನ್ನು ಯಾರೂ ಕೇಳಲಿಲ್ಲ. ಯಜಮಾನರ ಪರ ವಕೀಲರು ಪಾಟೀ ಸವಾಲು ಶುರು ಮಾಡಿದರು. ನಿಮ್ಮ ಯಜಮಾನರು ಕುಡಿಯುತ್ತಿದ್ದರಲ್ಲವೇ? ಹೆಲ್ಮೆಟ್ ಹಾಕಿರಲಿಲ್ಲವಲ್ಲವೇ? ಅವರದೇ ಅಜಾಗರೂಕತೆಯಿಂದ ಅಪಘಾತವಾಯಿತು ಎಂದರೆ ಸರಿಯೇ? ನಿಮಗಿನ್ನೂ ಚಿಕ್ಕ ವಯಸ್ಸು, ಮರುಮದುವೆಯಾಗುವ ಯೋಚನೆ ಇದೆಯೇ? ಕೊನೆಯ ಪ್ರಶ್ನೆಗೆ ನ್ಯಾಯಾಧೀಶರೇ ತಡೆದು, ಅದು ಬೇಕಿಲ್ಲ ಅಂದರು. ಅಕ್ಕ ಕಟಕಟೆಯ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದಳು. ಕುಡಿತದ ಪ್ರಶ್ನೆಗೆ ಮಾತ್ರ ದನಿ ಏರಿಸಿದಳು: "ಕುಡ್ದೋರು ಬೆಳಗಿನ್ ಜಾವಕ್ಕೆ ಕೆಲ್ಸಕ್ಕೆ ಹೋಗಕ್ಕಾಯ್ತದಾ ಸ್ವಾಮಿ?" ಅದು ಹಾಗೆಯೇ ದಾಖಲಾಯಿತು.

ಉತ್ತರಗಳನ್ನು ಕಾಗದಗಳೂ ಕೊಟ್ಟವು. ಪೋಸ್ಟ್‌ಮಾರ್ಟಂ ವರದಿಯಲ್ಲಿ ಸಾವಿಗೆ ಕಾರಣ ಎದೆ ಮತ್ತು ಹೊಟ್ಟೆಯ ಗಾಯ ಎಂದಿತ್ತು, ಹಾಗಾಗಿ ಹೆಲ್ಮೆಟ್ ವಾದ ನಿಲ್ಲಲಿಲ್ಲ. ಸ್ಥಳದ ನಕ್ಷೆಯಲ್ಲಿ ಗುದ್ದಿದ ಜಾಗ ಭಾವನ ಕಡೆಯ ರಸ್ತೆ ಅಂಚಿಗೆ ಹತ್ತಿರವಿತ್ತು. ಬೈಕ್ ತನ್ನ ಎಡದಲ್ಲೇ ಇತ್ತು, ಕ್ಯಾಂಟರ್ ತನ್ನದಲ್ಲದ ಕಡೆಗೆ ಬಂದಿತ್ತು ಎನ್ನಲು ಅಷ್ಟು ಸಾಕಾಯಿತು. ವಾಹನ ನಿರೀಕ್ಷಕರು ಯಾಂತ್ರಿಕ ದೋಷವಿಲ್ಲ ಎಂದು ಬರೆದಿದ್ದರು. ಮಹಜರಿನ ದಿನ ಊರವರು ಅಪಘಾತದ ಸ್ಥಳಕ್ಕೆ ಹೋಗಿ ನಕ್ಷೆ ಸರಿಯಾಗಿ ಬರೆಸುವುದು ಎಷ್ಟು ಮುಖ್ಯ ಎಂದು ನನಗೆ ಅಲ್ಲಿ ಗೊತ್ತಾಯಿತು. ದುಃಖದ ಮನೆಯಿಂದ ಅದಕ್ಕೆ ಹೋಗಲು ಆಗದಿದ್ದರೆ ನೆಂಟರಲ್ಲಿ ಒಬ್ಬರಾದರೂ ಹೋಗಬೇಕು. ಅತ್ತ ಕ್ರಿಮಿನಲ್ ಕೇಸಿನಲ್ಲಿ ಕಣ್ಣಾರೆ ನೋಡಿದ ಟ್ರ್ಯಾಕ್ಟರಿನವನು ಮಾತು ಬದಲಿಸಿದ, ಡ್ರೈವರ್ ಖುಲಾಸೆಯಾದ. ಎಲ್ಲ ಮುಗಿಯಿತು ಎಂದು ನಾನು ಕುಸಿದಿದ್ದೆ. ಹಾಗಲ್ಲ ಎಂದು ಮೇಡಂ ಧೈರ್ಯ ಹೇಳಿದರು. ಶಿಕ್ಷೆ ಕೊಡಲು ಸಂಶಯಕ್ಕೆಡೆಯಿಲ್ಲದಂಥ ಪುರಾವೆ ಬೇಕು, ಪರಿಹಾರಕ್ಕೆ ಯಾವುದು ಹೆಚ್ಚು ನಂಬಲರ್ಹ ಎಂದು ತೂಗಿದರೆ ಸಾಕು.

ಸಂಪಾದನೆಯ ವಿಷಯದಲ್ಲಿ ಮಾತ್ರ ನಮಗೆ ನೋವಾಯಿತು. ಭಾವ ತಿಂಗಳಿಗೆ ಇಪ್ಪತ್ತೈದು ಸಾವಿರಕ್ಕೆ ಕಡಿಮೆ ದುಡಿದವರಲ್ಲ. ತೋಟದ ಮಾಲೀಕರೊಬ್ಬರು ಬಂದು ಸಾಕ್ಷಿಯನ್ನೂ ಹೇಳಿದರು. ಆದರೆ ಸಾವಿರ ಕಾಯಿಗೆ ಇಷ್ಟು ಎಂದು ಕೈಗೆ ಕೊಟ್ಟ ದುಡ್ಡಿಗೆ ರಸೀದಿ ಎಲ್ಲಿಂದ ತರುವುದು? ಆದಾಯದ ದಾಖಲೆ ಇಲ್ಲದವರಿಗೆ ಅಪಘಾತವಾದ ವರ್ಷದ ಮೇಲೆ ಇಷ್ಟು ಎಂದು ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಒಂದು ಪಟ್ಟಿ ಇದೆ. ಕರ್ನಾಟಕದ ನ್ಯಾಯಮಂಡಳಿಗಳು ಸಾಮಾನ್ಯವಾಗಿ ಅದನ್ನೇ ನೋಡುತ್ತವೆ. ನಮ್ಮ ಕೇಸಿನಲ್ಲಿ ತಿಂಗಳಿಗೆ 14,000 ಎಂದು ಹಿಡಿದರು. ಸುಲಿಯುವವರು, ಮರ ಹತ್ತುವವರು, ಗಾರೆ ಕೆಲಸದವರು ಕೂಲಿಯ ಸ್ವಲ್ಪ ಭಾಗವನ್ನಾದರೂ ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳಿ ಎಂದು ನಾನು ಈಗ ಸಿಕ್ಕವರಿಗೆಲ್ಲ ಹೇಳುತ್ತೇನೆ. ಪಾಸ್‌ಬುಕ್ಕಿನ ನಾಲ್ಕು ಸಾಲು ಇದ್ದಿದ್ದರೆ ಮಕ್ಕಳ ಪಾಲು ಇನ್ನೆಷ್ಟೋ ಹೆಚ್ಚಾಗುತ್ತಿತ್ತು.

ಅಲ್ಲಿಂದ ಮುಂದಿನ ಲೆಕ್ಕ ನ್ಯಾಯಾಧೀಶರ ಮನಸ್ಸಿಗೆ ಬಂದಂತೆ ನಡೆಯುವುದಿಲ್ಲ. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪು, 2017ರ ಪ್ರಣಯ್ ಸೇಠಿ ತೀರ್ಪು ದಾರಿ ಹಾಕಿಕೊಟ್ಟಿವೆ. ಸ್ವಂತ ದುಡಿಮೆಯವರು ನಲವತ್ತರೊಳಗಿನವರಾದರೆ ಮುಂದೆ ಸಂಪಾದನೆ ಬೆಳೆಯುತ್ತಿತ್ತು ಎಂದು ಶೇ 40 ಸೇರಿಸುತ್ತಾರೆ. 14,000ಕ್ಕೆ 5,600 ಸೇರಿ 19,600 ಆಯಿತು. ಅವಲಂಬಿತರು ನಾಲ್ವರು, ಆದ್ದರಿಂದ ತೀರಿಕೊಂಡವರ ಸ್ವಂತ ಖರ್ಚಿಗೆಂದು ಕಾಲುಭಾಗ ಕಳೆದು 14,700. ವರ್ಷಕ್ಕೆ 1,76,400. ಮೂವತ್ತಾರರಿಂದ ನಲವತ್ತರ ವಯಸ್ಸಿಗೆ ಗುಣಕ, ಅಂದರೆ ವರ್ಷದ ಮೊತ್ತವನ್ನು ಗುಣಿಸುವ ಸಂಖ್ಯೆ, 15, ಹಾಗಾಗಿ 26,46,000. ಹೆಂಡತಿ, ಮಕ್ಕಳು, ತಾಯಿ ಕಳೆದುಕೊಂಡ ಒಡನಾಟಕ್ಕೆ ತಲಾ 44,000. ಅಂತ್ಯಕ್ರಿಯೆಗೆ 16,500, ಆಸ್ತಿನಷ್ಟ ಎಂಬ ಬಾಬಿಗೆ 16,500. ಒಟ್ಟು 28,55,000 ರೂಪಾಯಿ, ಅರ್ಜಿ ಹಾಕಿದ ದಿನದಿಂದ ಶೇ 6 ಬಡ್ಡಿ. 2022ರ ಆರಂಭದಲ್ಲಿ ಅವಾರ್ಡ್, ಅಂದರೆ ನ್ಯಾಯಮಂಡಳಿಯ ತೀರ್ಪು, ಬಂತು. ಕೊಂಡವನ ಮೇಲಿನ ಅರ್ಜಿ ವಜಾ. ಡ್ರೈವರ್ ಮತ್ತು ಆರ್‌ಸಿ ಯಜಮಾನರು ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆ. ಯಜಮಾನರ ಕ್ರಯದ ಕರಾರು ಅವರನ್ನು ಕಾಯಲಿಲ್ಲ. ಗಾಡಿ ಬಿಡಿಸಲು ಕೊಟ್ಟ ಆ ಪ್ರಮಾಣಪತ್ರವನ್ನು ತೀರ್ಪಿನಲ್ಲಿ ಒಂದು ಪುಟ ಚರ್ಚಿಸಿದ್ದರು.

ಕೋರ್ಟಿನ ಮೆಟ್ಟಿಲ ಮೇಲೆ ಅಕ್ಕ ಕೇಳಿದಳು, "ಈ ದುಡ್ಡು ಯಾವತ್ತು ಬತ್ತದೆ?" ವಿಮಾ ಕಂಪನಿಯಿದ್ದರೆ ಅದಕ್ಕೊಂದು ಉತ್ತರ ಇರುತ್ತಿತ್ತು. ಇಲ್ಲಿ ಎಪ್ಪತ್ತರ ಹತ್ತಿರ ಬಂದ ಒಬ್ಬ ರೈತ, ಮತ್ತು ಕೈಯಲ್ಲಿ ಏನೂ ಇಲ್ಲದ ಒಬ್ಬ ಡ್ರೈವರ್. ನನ್ನ ಅನುಭವದಲ್ಲಿ ಈ ಕೇಸುಗಳ ನಿಜವಾದ ಅರ್ಧ ಶುರುವಾಗುವುದು ಅವಾರ್ಡ್ ಬಂದ ಮೇಲೆ. ಬಹಳ ಮನೆಯವರು ಇಲ್ಲೇ ಸುಸ್ತಾಗಿ ಕೈಬಿಡುತ್ತಾರೆ.

ಮೇಡಂ ಮುಂಚೆಯೇ ಸರ್ವೆ ನಂಬರ್ ಹುಡುಕಿಸಿದ್ದರು. ಭೂಮಿ ಪೋರ್ಟಲಿನಲ್ಲಿ ಯಾರ ಪಹಣಿಯನ್ನಾದರೂ ನೋಡಲು ಬರುತ್ತದೆ. ಯಜಮಾನರ ಹೆಸರಲ್ಲಿ ಸ್ವಲ್ಪ ತೆಂಗಿನ ತೋಟ, ಖುಷ್ಕಿ, ರಸ್ತೆ ಪಕ್ಕದಲ್ಲಿ ಒಂದು ನಿವೇಶನ ಇತ್ತು. ವಸೂಲಿಗೆ ಎರಡು ದಾರಿ: 174ನೇ ಕಲಂ ಪ್ರಕಾರ ನ್ಯಾಯಮಂಡಳಿ ಜಿಲ್ಲಾಧಿಕಾರಿಗೆ ಪ್ರಮಾಣಪತ್ರ ಕಳಿಸಿ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಿಸಬಹುದು. ಇಲ್ಲವೇ ಸಿವಿಲ್ ಡಿಕ್ರಿಯಂತೆ ಅಮಲ್ಜಾರಿ ಅರ್ಜಿ (ತೀರ್ಪನ್ನು ಜಾರಿ ಮಾಡಿಸಲು ಹಾಕುವ ಅರ್ಜಿ) ಹಾಕಿ ಆಸ್ತಿ ಜಪ್ತಿ ಮಾಡಿಸಬಹುದು. ನಾವು ಎರಡನೆಯದಕ್ಕೆ ಹೋದೆವು. ರೈತರು ವಾಸವಿರುವ ಮನೆ, ಉಳುಮೆಯ ಸಾಮಾನುಗಳನ್ನು ಕಾನೂನು ಜಪ್ತಿಯಿಂದ ಹೊರಗಿಟ್ಟಿದೆ. ನಾವೂ ಅದನ್ನು ಕೇಳಲಿಲ್ಲ. ನಿವೇಶನ ಮತ್ತು ಖುಷ್ಕಿ ಜಮೀನಿಗೆ ಜಪ್ತಿ ಆದೇಶವಾಗಿ, ಪಹಣಿಯಲ್ಲಿ ಕೋರ್ಟಿನ ಟಿಪ್ಪಣಿ ಬಂತು. ಇನ್ನು ಅದನ್ನು ಗುಟ್ಟಾಗಿ ಮಾರುವಂತಿರಲಿಲ್ಲ. ಅವಾರ್ಡಿನ ವಿರುದ್ಧ ಅವರು ಹೈಕೋರ್ಟಿಗೂ ಹೋದರು. ಮೇಲ್ಮನವಿಗೆ ಮೊದಲು 25,000 ಕಟ್ಟಬೇಕು, ಅದನ್ನು ಕಟ್ಟಿದರು. ವಸೂಲಿಗೆ ತಡೆ ಬೇಕಾದರೆ ದೊಡ್ಡ ಮೊತ್ತ ಕಟ್ಟಿ ಎಂದಾಗ ಆಗಲಿಲ್ಲ.

ಜಪ್ತಿಯಾದ ವಾರ ಯಜಮಾನರ ಹೆಂಡತಿ ಒಬ್ಬರೇ ಬಸ್ಸಿನಲ್ಲಿ ಅಕ್ಕನ ಮನೆಗೆ ಬಂದರು. ಭಾವನ ತಾಯಿಯ ವಯಸ್ಸಿನವರು. "ನಿಮ್ ಮನೆ ಹಾಳಾಯ್ತು ಅಂತ ನಾವೂ ಅತ್ತಿದೀವಿ ಕಣವ್ವ. ಈಗ ನಮ್ ಮನೇನೂ ಹಂಗೇ ಆಗ್ತೈತೆ. ನಾವೇನ್ ಗಾಡಿ ಓಡ್ಸುದ್ವಾ?" ಅಂದರು. ಅಕ್ಕ ಅವರಿಗೆ ಊಟಕ್ಕಿಕ್ಕಿದಳು. ಆಮೇಲೆ ನಿಧಾನವಾಗಿ ಹೇಳಿದಳು. "ಅಮ್ಮಾ, ನನಗೆ ಕೊಡ್ಬೇಕಾದೋರು ನೀವು ಅಂತ ಕೋರ್ಟು ಹೇಳೈತೆ. ನಿಮಗೆ ಕೊಡ್ಬೇಕಾದೋನ ಹೆಸರು, ಮನೆ ನಿಮಗೆ ಗೊತ್ತೈತೆ. ನನ್ ಮಕ್ಕಳ ಪಾಲು ಬಿಡಕ್ಕಾಗಲ್ಲ. ನೀವು ಅವನ್ನ ಹಿಡೀರಿ, ಬೇಕಾದ ಕಾಗದ ನಾನು ಕೊಡ್ತೀನಿ." ಅಕ್ಕ ಓದಿರುವುದು ಏಳನೇ ಕ್ಲಾಸು. ಆ ದಿನ ಅವಳು ಆಡಿದ್ದಕ್ಕಿಂತ ನೇರವಾಗಿ ಈ ಕಾನೂನನ್ನು ಯಾರೂ ನನಗೆ ಹೇಳಿಲ್ಲ.

ಹಾಗೆಯೇ ನಡೆಯಿತು. ಕರಾರು, ನಮ್ಮ ಅವಾರ್ಡಿನ ನಕಲು, ಕಟ್ಟಿದ ದುಡ್ಡಿನ ರಸೀದಿ ಇಟ್ಟು ಯಜಮಾನರು ಕೊಂಡವನ ಮೇಲೆ ಬೇರೆ ದಾವೆ ಹಾಕಿದರು. ಇತ್ತ 2023ರಲ್ಲಿ ಲೋಕ ಅದಾಲತ್‌ನಲ್ಲಿ ಎರಡೂ ಕಡೆ ಕೂತು ಮಾತಾಡಿದೆವು. ಅಸಲು ಪೂರ್ತಿ, ಬಡ್ಡಿಯಲ್ಲಿ ಅರ್ಧ. ಮೊದಲೇ ಕಟ್ಟಿದ 50,000 ಮತ್ತು ಹರಾಜಿನ ದುಡ್ಡು ಜಮೆ ಹಿಡಿಯುವುದು. ನಿವೇಶನವನ್ನು ಕೋರ್ಟಿನ ಅನುಮತಿಯಲ್ಲಿ ಮಾರಿ, ಕೊಳ್ಳುವವರು ನೇರ ಕೋರ್ಟಿಗೇ ಕಟ್ಟುವುದು. ಉಳಿದದ್ದು ಕಂತಿನಲ್ಲಿ, ತಪ್ಪಿದರೆ ಪೂರ್ತಿ ಬಡ್ಡಿ. ಹೈಕೋರ್ಟಿನ ಮೇಲ್ಮನವಿ ವಾಪಸ್. ಅರ್ಜಿದಾರರಲ್ಲಿ ಇಬ್ಬರು ಅಪ್ರಾಪ್ತ ಮಕ್ಕಳಾದ್ದರಿಂದ ನಾವು ಒಪ್ಪಿದರೆ ಸಾಲದು, ಈ ರಾಜಿ ಮಕ್ಕಳ ಹಿತಕ್ಕೆ ಸರಿ ಎಂದು ನ್ಯಾಯಾಧೀಶರು ಪ್ರತ್ಯೇಕವಾಗಿ ಅನುಮತಿ ಕೊಡಬೇಕು. ಅವರು ಅಕ್ಕನನ್ನೂ ದೊಡ್ಡ ಮಗಳನ್ನೂ ಕರೆದು ಕೇಳಿದರು. ಬಡ್ಡಿಯಲ್ಲಿ ಅರ್ಧ ಬಿಟ್ಟದ್ದಕ್ಕೆ ನೆಂಟರಲ್ಲಿ ಕೆಲವರು ಅಕ್ಕನನ್ನು ಬೈದರು. ನನಗೆ ಅವಳ ತೀರ್ಮಾನ ಸರಿ ಅನ್ನಿಸಿತು. ಹರಾಜಿಗೆ ಹೋಗಿದ್ದರೆ ತಕರಾರು ಅರ್ಜಿಗಳಲ್ಲೇ ಇನ್ನೂ ಕೆಲವು ವರ್ಷ ಹೋಗುತ್ತಿದ್ದವು, ಮಕ್ಕಳ ಓದು ಅಷ್ಟು ದಿನ ಕಾಯುವುದಿಲ್ಲ.

ನಿವೇಶನದ ದುಡ್ಡು ಬಂದಾಗ ಭಾವನ ತಾಯಿಯ ಪಾಲು ಅವರ ಖಾತೆಗೆ ಹೋಯಿತು. ಅಕ್ಕನದರಲ್ಲಿ ಒಂದು ಭಾಗ ಕೈಗೆ, ಒಂದು ಭಾಗ ಠೇವಣಿ. ಮಕ್ಕಳ ಪಾಲು ಪೂರ್ತಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ, ಅವರಿಗೆ ಹದಿನೆಂಟು ತುಂಬುವವರೆಗೆ. ನಡುವೆ ಓದಿಗೆ ಬೇಕಾದರೆ ಕಾಲೇಜಿನ ಶುಲ್ಕದ ಚೀಟಿ ಇಟ್ಟು ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ದೊಡ್ಡವಳು ನರ್ಸಿಂಗ್ ಸೇರುವಾಗ ಹಾಗೆ ಮಾಡಿದೆವು, ಬ್ಯಾಂಕಿಗೆ ಆದೇಶ ಹೋಗಿ ಮೊದಲ ವರ್ಷದ ಫೀಸು ನೇರ ಕಾಲೇಜಿಗೆ ಜಮೆಯಾಯಿತು. ಕಂತುಗಳಲ್ಲಿ ಇನ್ನೂ ಸ್ವಲ್ಪ ಬಾಕಿ ಇದೆ. ಯಜಮಾನರು ಈಚೆಗೆ ಹಾಸಿಗೆ ಹಿಡಿದಿದ್ದಾರೆ, ಮಗ ತಂದು ಕಟ್ಟುತ್ತಿದ್ದಾನೆ. ಕೊಂಡವನ ಮೇಲಿನ ಅವರ ದಾವೆ ಸಾಕ್ಷಿಯ ಹಂತದಲ್ಲಿದೆ, ಅದರಲ್ಲಿ ಸಾಕ್ಷಿ ಹೇಳಲು ಅಕ್ಕನಿಗೂ ಸಮನ್ಸ್ ಬಂದಿದೆ, ಹೋಗುತ್ತೇನೆ ಎಂದಿದ್ದಾಳೆ.